ಯಾವ ಹೊಂಗಲ, ತಮ್ಮಾ?

ರಾತ್ರಿ 11.40. ಬೈಲಹೊಂಗಲದಲ್ಲಿ ಅಂಗಡಿಗಳ ಶಟರ್ ಇಳಿದು ಎಷ್ಟೋ ಹೊತ್ತಾಗಿದೆ. ಸೀಗಿ ಹುಣ್ಣಿಮೆಗೆ ಇನ್ನೆರಡು ದಿನ. ಮೋಡದ ಸಂದಿಯಿಂದ ಚಂದ್ರ ಆಗಾಗ ಇಣುಕುತ್ತಾನೆ. ಸಂಜೆ ಚಿತ್ತಿ ಮಳೆ ಹೊಡೆದು ಹೋಗಿದೆ, ಎರೆ ಮಣ್ಣಿನ ವಾಸನೆ ಕಿಟಕಿಯಲ್ಲಿ ನುಗ್ಗುತ್ತಿದೆ. ನೀವು ಕೂತಿರುವುದು ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ, ಎಡಗಡೆ. ಬಲಗಡೆ ಡ್ರೈವರ್. ನೂರಾ ಎಂಟರಲ್ಲಿ ಡ್ರೈವರನ್ನು ಪೈಲಟ್ ಅನ್ನುತ್ತಾರೆ. ಹಿಂದೆ ಸಿಸ್ಟರ್ ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದಾರೆ. ಕಾಗದದ ಮೇಲೆ ಆಕೆ ಇಎಂಟಿ, ಊರ ಮಂದಿಗೆ ಸಿಸ್ಟರೇ.

ಮೊದಲೇ ಹೇಳಿಬಿಡುತ್ತೇನೆ: ಈ ರಾತ್ರಿ ನಡೆದದ್ದಲ್ಲ, ನಡೆಯಬಹುದಾದದ್ದು. ಗಾಡಿಯಲ್ಲಿರುವವರನ್ನು ನಾನು ಕಟ್ಟಿಕೊಂಡಿದ್ದೇನೆ. ಊರುಗಳು, ರಸ್ತೆಗಳು, ಇಸವಿ ಹಾಕಿ ಹೇಳುವ ಸಂಗತಿಗಳು ನಿಜವಾದವು. ತುರ್ತು ಸೇವೆಯ ಕಂಪ್ಯೂಟರುಗಳ ಮೇಲೆ ದಾಳಿಯಾದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕತ್ತಲಲ್ಲಿ ಅದು ಹೇಗೆ ಕಾಣುತ್ತದೆ ಎಂದು ಗಾಡಿಯೊಳಗೆ ಕೂತೇ ನೋಡಬೇಕು. ದೆಹಲಿಯಲ್ಲಾದರೆ ಅದು ಮರುದಿನದ ಸುದ್ದಿ. ಇಲ್ಲಿ ಅದು ಫೋನಿನ ಪರದೆಯ ಮೇಲೆ ಗಿರಗಿರ ತಿರುಗುವ ಒಂದು ಚಕ್ರ, ಅಷ್ಟೇ.

ಆ ಫೋನನ್ನು ನೋಡಿ. ಮುಂದಿನ ಗಾಜಿಗೆ ಅಂಟಿಸಿದ ಸ್ಟ್ಯಾಂಡಿನಲ್ಲಿದೆ. ಸ್ಟ್ಯಾಂಡಿನ ಒಂದು ಹಲ್ಲು ಮುರಿದಿದೆ, ಅದರ ಬದಲಿಗೆ ಎರಡು ರಬ್ಬರ್ ಬ್ಯಾಂಡ್. ಹೊಲದ ಮನೆಯಲ್ಲಿ ಯಾರೋ 108 ಒತ್ತಿದರೆ ಕರೆ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಕೂತವರು ಊರು ಕೇಳುತ್ತಾರೆ, ಏನಾಗಿದೆ ಕೇಳುತ್ತಾರೆ, ಹತ್ತಿರದ ಗಾಡಿ ಎಲ್ಲಿದೆ ಎಂದು ಪರದೆಯಲ್ಲಿ ನೋಡಿ ಕೇಸ್ ಕೊಡುತ್ತಾರೆ. ಅದು ಈ ರಬ್ಬರ್ ಬ್ಯಾಂಡಿನ ಫೋನಿಗೆ ಬಂದು ಬೀಳುತ್ತದೆ. ಎರೆ ಹೊಲದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮತ್ತೆ ಎರೆ ಹೊಲಕ್ಕೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108ರ ಈ ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾದಾಗಿನಿಂದ ಲಕ್ಷಾಂತರ ಜೀವ ಈ ದಾರಿಯಲ್ಲೇ ಉಳಿದಿವೆ. ದಾರಿ ಉದ್ದವಾದಷ್ಟೂ ಅದನ್ನು ಕಡಿಯಬಲ್ಲ ಜಾಗಗಳೂ ಹೆಚ್ಚು.

ಫೋನು ಅಲುಗಾಡಿತು.

“ಸರ್, ಹೆರಿಗೆ ಕೇಸ್, ಲೊಕೇಶನ್ ಕಳಿಸ್ತಿದ್ದೀನಿ, ಹೊಂಗ...” ಅಲ್ಲಿಗೆ ಕರೆ ಕಟ್. ಪರದೆಯ ಮೇಲೆ ಅರ್ಧ ಮೆಸೇಜು ಬಂದು ನಿಂತಿದೆ: ಹೆರಿಗೆ ನೋವು, ಹೊಂಗಲ, ಒಂದು ಮೊಬೈಲ್ ನಂಬರು. ಅದರ ಕೆಳಗೆ ಚಕ್ರ ತಿರುಗುತ್ತಿದೆ. ಪೈಲಟ್ ಅಣ್ಣ ಎರಡು ಸಲ ಒತ್ತಿದರು, ಆ್ಯಪ್ ಮುಚ್ಚಿ ತೆರೆದರು. ಮ್ಯಾಪಿನಲ್ಲಿ ನಮ್ಮ ಗಾಡಿಯೇ ಇಲ್ಲ.

“ನೆಟ್‌ವರ್ಕ್ ಹೋತು ನೋಡ್ರಿ.”

“ಅಣ್ಣಾರ, ನೆಟ್‌ವರ್ಕ್ ಹೋಗಿದ್ರ ಇದು ಹೆಂಗ ಬಂತ್ರಿ?” ಸಿಸ್ಟರ್ ತಮ್ಮ ಫೋನು ಚಾಚಿದರು. ಯಾವುದೋ ಗ್ರೂಪಿನಲ್ಲಿ ಈಗಷ್ಟೇ ಬಂದ ಗುಡ್ ನೈಟ್ ಫೋಟೊ, ಗುಲಾಬಿ ಹೂವಿನದು.

ಈ ಲೇಖನ ಹುಟ್ಟಿದ್ದೇ ಆ ಗುಲಾಬಿಯಿಂದ. ದಾಳಿಯನ್ನು ಗುರುತಿಸುವುದು ಎಂದರೆ ದೊಡ್ಡ ವಿದ್ಯೆ, ಅದಕ್ಕೆ ಇಂಜಿನಿಯರುಗಳೇ ಬೇಕು ಎಂದು ನಾವು ನಂಬಿಬಿಟ್ಟಿದ್ದೇವೆ. ಗುರುತಿಸುವ ಮೊದಲ ಕಣ್ಣು ಗಾಡಿಯಲ್ಲಿದೆ. ನೆಟ್‌ವರ್ಕ್ ಹೋದರೆ ಎಲ್ಲವೂ ಹೋಗಬೇಕು. ಕರೆ ಬರುತ್ತಿದೆ, ವಾಟ್ಸಾಪ್ ಬರುತ್ತಿದೆ, ಕೇಸ್ ಮಾತ್ರ ಬರುತ್ತಿಲ್ಲ ಎಂದರೆ ಏನೋ ಬೇರೆ ಇದೆ. ಏನು ಎಂಬುದು ಆಮೇಲೆ.

ಪೈಲಟ್ ಅಣ್ಣ ಆ ನಂಬರಿಗೆ ತಮ್ಮ ಸ್ವಂತ ಫೋನಿನಿಂದ ಹಚ್ಚಿದರು. ಎತ್ತಿದ್ದು ಒಬ್ಬ ಹುಡುಗ, ಉಸಿರು ಮೇಲೆ ಕೆಳಗೆ.

“ಹಲೋ ನೂರಾ ಎಂಟೇನ್ರಿ? ಲಗೂನ ಬರ್ರಿ, ನಮ್ಮ ವೈನಿಗೆ ಬ್ಯಾನಿ ಜೋರಾಗ್ಯಾವು.”

“ಯಾವ ಹೊಂಗಲ, ತಮ್ಮಾ? ಬೈಲಹೊಂಗಲೋ, ಇನಾಮಹೊಂಗಲೋ?”

“ಇನಾಮಹೊಂಗಲ್ರಿ. ಊರಾಗಲ್ರಿ, ಹೊಲದ ಮನ್ಯಾಗ ಅದೇವಿ.”

“ಆಶಾ ಅಕ್ಕಾರು ಅದಾರೇನು? ಫೋನ್ ಅವರ ಕೈಯಾಗ ಕೊಡು.”

ಬೈಲಹೊಂಗಲ ಇಲ್ಲಿ, ಇನಾಮಹೊಂಗಲ ಅಲ್ಲಿ ಧಾರವಾಡ–ಸವದತ್ತಿ ರಸ್ತೆಯಲ್ಲಿ. ಬೆಳವಡಿ ಈ ಕಡೆ, ಹಾರೋಬೆಳವಡಿ ಆ ಕಡೆ. ಹೊಸೂರು ಅಂದರೆ ಎಷ್ಟೋ ಹೊಸೂರು. ನಮ್ಮ ಸೀಮೆಯ ಹೆಸರುಗಳು ಹೀಗೆ ಜೋಡಿ ಜೋಡಿ. ಯಂತ್ರಕ್ಕೆ ಇದನ್ನು ಕಲಿಸಬಹುದು, ಕಲಿಸಿದ್ದಾರೆ ಕೂಡ. ಆದರೆ ಯಂತ್ರ ಸುಮ್ಮನಾದ ಗಳಿಗೆಯಲ್ಲಿ ‘ಯಾವ ಹೊಂಗಲ’ ಎಂದು ಕೇಳಲು ಈ ನೆಲದ ಬಾಯಿಯೇ ಬೇಕು. ಸವದತ್ತಿಯ ಗಾಡಿ ಎದೆನೋವಿನವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿದೆ. ಹೊರಡಬೇಕಾದವರು ನಾವೇ. ಗಾಡಿ ಬೆಳವಡಿಯ ರಸ್ತೆಗೆ ತಿರುಗಿತು.

ಸಿಸ್ಟರ್ ಹಿಂದಿನಿಂದ ಕಿತ್ತೂರಿನ ಗಾಡಿಗೆ ಫೋನ್ ಮಾಡುತ್ತಿದ್ದಾರೆ. ಅವರು ಮುಂದಿನ ವಾರದ ಕಿತ್ತೂರು ಉತ್ಸವದ ಡ್ಯೂಟಿಯ ಚಿಂತೆಯಲ್ಲಿದ್ದರು. “ನಮಗೂ ಬರವಲ್ದು” ಅಂದರು. ಆಮೇಲೆ ರಾಮದುರ್ಗಕ್ಕೆ. ಅಲ್ಲಿಯೂ ಅದೇ ಮಾತು. ರಾಮದುರ್ಗದ ಸುತ್ತ ಗುಡ್ಡಗಳಿವೆ. ಅಲ್ಲಿ ಫೋನು ಕೈಕೊಟ್ಟರೆ ಗುಡ್ಡದ ಮೇಲೆ ಹಾಕಿ ಸುಮ್ಮನಾಗಬಹುದು. ಕಿತ್ತೂರು ಹಾಗಲ್ಲ, ರಾಷ್ಟ್ರೀಯ ಹೆದ್ದಾರಿ 48ರ ಮೇಲಿನ ಊರು. ಬೆಳಗಾವಿ–ಧಾರವಾಡದ ನಡುವೆ ಹಗಲೂ ರಾತ್ರಿ ವಾಹನ ಹರಿಯುವ ಜಾಗ. ಅಲ್ಲಿಯೂ ಅದೇ ಚಕ್ರ ತಿರುಗುತ್ತಿದ್ದರೆ ಅದು ಗುಡ್ಡದ ತಪ್ಪಲ್ಲ, ಟವರಿನ ತಪ್ಪೂ ಅಲ್ಲ.

ಗಾಡಿಯೊಳಗಿನ ದೀಪದಲ್ಲಿ ಸಿಸ್ಟರ್ ರಿಜಿಸ್ಟರಿನ ಹಿಂದಿನ ಹಾಳೆ ತೆಗೆದು ಬರೆಯುತ್ತಿದ್ದಾರೆ. ಪೆನ್ನಿಗೆ ದಾರ ಕಟ್ಟಿದೆ. ಬಗ್ಗಿ ನೋಡಿ:

11.43 ಕೇಸ್ ಅರ್ಧ ಬಂತು, ಕಾಲ್ ಕಟ್. 11.46 ಆ್ಯಪ್ ಇಲ್ಲ, ವಾಟ್ಸಾಪ್ ಸರಿ, ಫೋನ್ ಸರಿ. 12.05 ಕಿತ್ತೂರು ಗಾಡಿಗೂ ಇಲ್ಲ. 12.07 ರಾಮದುರ್ಗಕ್ಕೂ ಇಲ್ಲ. 12.09 ಮೇಲಿನವರಿಗೆ ಫೋನ್ ಮಾಡಿ ಹೇಳಿದೆ.

ನಾಲ್ಕೈದು ಸಾಲು. ನಾಳೆ ಬೆಂಗಳೂರಿನಲ್ಲಿ ಯಾರೋ ಕೂತು ದಾಳಿ ಎಷ್ಟು ಗಂಟೆಗೆ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹರಡಿತು ಎಂದು ಹುಡುಕುವಾಗ ಈ ಸಾಲುಗಳಿಗೆ ಬೆಲೆ ಕಟ್ಟಲಾಗದು. ಮುಖ್ಯವಾದದ್ದು ಕೊನೆಯ ಸಾಲು. ಏನೆಂದು ಗೊತ್ತಾಗುವವರೆಗೆ ಕಾಯಲಿಲ್ಲ ಆಕೆ, ಗೊತ್ತಿದ್ದಷ್ಟನ್ನು ಹೇಳಿಬಿಟ್ಟರು.

“ಸರ್ವರ್ ಡೌನ್ ಇರಬೇಕು ಬಿಡ್ರಿ ಸಿಸ್ಟರ್. ದಿನಾ ಇದ್ದದ್ದ.”

“ಎದಿ ನೋವು ಅಂದವರಿಗೆ ಗ್ಯಾಸ್ ಆಗಿರಬೇಕು ಬಿಡ್ರಿ ಅಂತೀವೇನ್ರಿ ಅಣ್ಣಾರ? ಮೊದಲ ಹಾರ್ಟ್ ಅಂತ ತಿಳಕೊಂಡ ನಡೀತೀವಲ್ಲ?”

ಪೈಲಟ್ ಅಣ್ಣ ಮಾತಾಡಲಿಲ್ಲ. ಗೇರು ಬದಲಿಸಿದರು.

ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಸರ್ವರ್ ಡೌನ್, ಪಹಣಿ ಕೇಳಿದರೆ ಸರ್ವರ್ ಡೌನ್, ಬ್ಯಾಂಕಿನಲ್ಲಿ ಸರ್ವರ್ ಡೌನ್. ಹೀಗೆ ಕೇಳಿ ಕೇಳಿ ಅದು ನಮಗೆ ಮಳೆ ಬಂತು, ಕರೆಂಟ್ ಹೋಯಿತು ಎಂಬಂಥ ಮಾತಾಗಿಬಿಟ್ಟಿದೆ. ಮುಂದೆ ಪ್ರಶ್ನೆಯೇ ಇಲ್ಲ. ದಾಳಿ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೇ? ನಮ್ಮ ತಾಳ್ಮೆಯೇ ಅವನಿಗೆ ಕಂಬಳಿ. ಹಳ್ಳಿಯಲ್ಲಿ ಎಷ್ಟು ಜನ ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಮಲಗಿ ಮರುದಿನ ಏಳಲಿಲ್ಲ, ಸಿಸ್ಟರಿಗೆ ಗೊತ್ತು. ಹಾಗಾಗಿಯೇ ಆಕೆಗೆ ಈ ಹೋಲಿಕೆ ಹೊಳೆದದ್ದು.

ಬೆಳವಡಿ ಹಿಂದಾಯಿತು. ಎರಡೂ ಕಡೆ ಕತ್ತಲ ಹೊಲ. ಕಡಲೆ, ಬಿಳಿಜೋಳ ಬಿತ್ತುವ ಹೊತ್ತು ಇದು. ಪೈಲಟ್ ಅಣ್ಣನಿಗೆ 2022 ನೆನಪಾಗಿದೆ.

ಆ ವರ್ಷ ಸೆಪ್ಟೆಂಬರ್ 24ರ ಶನಿವಾರ ರಾಜ್ಯದಾದ್ಯಂತ 108ರ ಕರೆ ವ್ಯವಸ್ಥೆ ಕೈಕೊಟ್ಟಿತು. ಜನ ಒತ್ತಿದರು, ಕರೆಗಳು ಸಿಗಲಿಲ್ಲ. ಸಿಕ್ಕವನ್ನು ಸಿಬ್ಬಂದಿ ಕೈಯಿಂದ ಬರೆದುಕೊಂಡು ಗಾಡಿಗಳಿಗೆ ಹೇಳಬೇಕಾಯಿತು. ಭಾನುವಾರವೂ ಅದು ಎಳೆಯಿತು. ಯಂತ್ರದ ದೋಷ ಎಂದು ಸರ್ಕಾರ ಹೇಳಿತು. ಅದು ದಾಳಿಯಲ್ಲ. ಆದರೆ ಒಂದು ಕೇಂದ್ರ ಮಾತು ನಿಲ್ಲಿಸಿದರೆ ಇಡೀ ರಾಜ್ಯದ ಗಾಡಿಗಳು ಕಿವುಡಾಗುತ್ತವೆ ಎಂದು ಅಂದು ಎಲ್ಲರಿಗೂ ಕಂಡಿತು. ನಮಗೆ ಕಂಡದ್ದು ಕಳ್ಳರಿಗೂ ಕಂಡಿರುತ್ತದೆ. ಆಂಬುಲೆನ್ಸ್‌ಗೆ ಕಾಯುತ್ತಾ ಹೊರಸಿನ ಮೇಲೆ ಮಲಗಿದವರಿಗೆ ದೋಷವೂ ಒಂದೇ, ದಾಳಿಯೂ ಒಂದೇ. ಅವರ ಕಡೆಯಿಂದ ನೋಡಿದರೆ, ಕಾರಣ ತಿಳಿಯುವ ಮೊದಲೇ ಗಾಡಿ ಹೊರಡಬೇಕು.

12.31. ಹೊಲದ ದಾರಿ ಒಡೆಯುವಲ್ಲಿ ಒಂದು ಬ್ಯಾಟರಿ ಬೆಳಕು ಮೇಲೆ ಕೆಳಗೆ ಆಡುತ್ತಿದೆ. ಆಶಾ ಅಕ್ಕ. ಗುಲಾಬಿ ಸೀರೆಯ ಅಂಚು ಮೊಣಕಾಲವರೆಗೆ ರಾಡಿ. “ಗಾಡಿ ಒಳಗ ತರಬ್ಯಾಡ್ರಿ, ಹುಗೀತೈತಿ” ಎಂದು ಕೂಗುತ್ತಿದ್ದಾರೆ. ಎರೆ ರಾಡಿಗೆ ಇಳಿದರೆ ಬೆಳಗಾಗುವವರೆಗೂ ಗಾಡಿ ಅಲ್ಲೇ, ಇದು ಯಾವ ಮ್ಯಾಪಿನಲ್ಲೂ ಇಲ್ಲ. ಸ್ಟ್ರೆಚರ್ ಇಳಿಯಿತು. ನೀವೂ ಒಂದು ಹಿಡಿಕೆ ಹಿಡಿಯಿರಿ. ಕಾಲು ಹೂತು ಹೂತು ಬರುತ್ತದೆ, ಚಪ್ಪಲಿ ಮಣ್ಣಿನಲ್ಲೇ ಉಳಿಯುತ್ತದೆ. ಬಸುರಿ ಹೆಣ್ಣುಮಗಳು ಹಲ್ಲು ಕಚ್ಚಿ ಮಲಗಿದ್ದಾಳೆ. ಅತ್ತೆ ಪಕ್ಕದಲ್ಲಿ ನಡೆಯುತ್ತಾ “ಯಲ್ಲವ್ವಾ, ಯಲ್ಲವ್ವಾ” ಅನ್ನುತ್ತಿದ್ದಾರೆ. ಅವರ ಬಗಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ರೇಷನ್ ಕಾರ್ಡು, ಆಧಾರು, ತಾಯಿ ಕಾರ್ಡು.

ತಾಯಿ ಕಾರ್ಡನ್ನು ಸಿಸ್ಟರ್ ಬೆಳಕಿಗೆ ಹಿಡಿದರು. ಮಡಿಕೆಯಲ್ಲಿ ಹರಿದು ಟೇಪು ಹಚ್ಚಿದ ಕಾರ್ಡು. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಮೊದಲ ಹೆರಿಗೆ ಹೇಗಾಯಿತು, ದಿನ ಎಷ್ಟು ತುಂಬಿವೆ, ಎಲ್ಲವೂ ನೀಲಿ ಮಸಿಯಲ್ಲಿ, ಆಶಾ ಅಕ್ಕನ ಮತ್ತು ನರ್ಸಮ್ಮನ ಅಕ್ಷರದಲ್ಲಿ. ಇದೇ ಮಾಹಿತಿ ಕಂಪ್ಯೂಟರಿನಲ್ಲೂ ಇದೆ. ಇಂದು ರಾತ್ರಿ ಕಂಪ್ಯೂಟರು ತೆರೆಯದಿದ್ದರೂ ಈ ಹೆಣ್ಣುಮಗಳ ರಕ್ತದ ಗುಂಪು ಕಳೆದುಹೋಗುವುದಿಲ್ಲ. ಕಾಗದ ಹಳೆಯದು, ಬಿಟ್ಟುಬಿಡೋಣ ಎನ್ನುವ ಅಧಿಕಾರಿಗಳು ಒಮ್ಮೆ ಈ ಟೇಪು ಹಚ್ಚಿದ ಕಾರ್ಡನ್ನು ಕೈಯಲ್ಲಿ ಹಿಡಿಯಬೇಕು.

ಗಾಡಿ ಸವದತ್ತಿಯ ಕಡೆ ಓಡುತ್ತಿದೆ. ಸಿಸ್ಟರ್ ಒಂದು ಕೈ ಆಕೆಯ ಹೊಟ್ಟೆಯ ಮೇಲಿಟ್ಟು ನೋವಿನ ಅಂತರ ಎಣಿಸುತ್ತಿದ್ದಾರೆ. ಅಷ್ಟರಲ್ಲಿ ಅವರ ಮೊಬೈಲು. ಹೊಸ ನಂಬರು.

“ಮೇಡಂ, ಹೆಡ್ ಆಫೀಸ್ ಟೆಕ್ನಿಕಲ್ ಟೀಮಿಂದ ಮಾತಾಡ್ತಿದೀನಿ. ಆ್ಯಪ್ ಪ್ರಾಬ್ಲಂ ಆಗಿದೆ ಅಲ್ವಾ? ವಾಟ್ಸಾಪಲ್ಲಿ ಹೊಸ ಫೈಲ್ ಕಳಿಸಿದೀನಿ, ಇನ್‌ಸ್ಟಾಲ್ ಮಾಡ್ಕೊಳ್ಳಿ. ಒಂದು ಓಟಿಪಿ ಬರುತ್ತೆ, ಹೇಳಿ, ಎರಡು ನಿಮಿಷದಲ್ಲಿ ಸರಿ ಹೋಗುತ್ತೆ.”

ನಯವಾದ ದನಿ, ಅವಸರದ ದನಿ. ಒಂದು ಗಂಟೆಗೂ ಹೆಚ್ಚು ಹೊತ್ತಿನಿಂದ ಕುರುಡಾಗಿ ಓಡುತ್ತಿರುವವರಿಗೆ ಅದು ಎಷ್ಟು ಹಿತ! ಎರಡು ನಿಮಿಷ, ಎಲ್ಲ ಸರಿ. ಸಿಸ್ಟರ್ ಒಂದು ಕ್ಷಣ ತಡೆದರು.

“ನಿಮ್ಮ ಹೆಸರು ಹೇಳ್ರಿ. ಆಫೀಸ್ ನಂಬರ್ ನನ್ನ ಹತ್ರ ಐತಿ, ನಾನ ತಿರುಗಿ ಹಚ್ಚತೀನಿ.”

ಆ ಕಡೆ ಕರೆ ಕಟ್. ವಾಟ್ಸಾಪಿನಲ್ಲಿ ಫೈಲು ಕಾಯುತ್ತಿದೆ; ಹೆಸರಿನ ಕೊನೆಗೆ ಎಪಿಕೆ ಎಂಬ ಮೂರಕ್ಷರ. ಮದುವೆ ಕರೆಯೋಲೆ ಎಂದು, ಪಿಎಂ ಕಿಸಾನ್ ಹಣ ಎಂದು, ಟ್ರಾಫಿಕ್ ದಂಡ ಎಂದು ನಮ್ಮ ಎಷ್ಟೋ ಫೋನುಗಳಿಗೆ ಬಂದಿರುವ ಅದೇ ಜಾತಿಯ ಫೈಲು. ಒತ್ತಿ ಅನುಮತಿ ಕೊಟ್ಟರೆ ಅದು ಮೆಸೇಜುಗಳನ್ನು ಓದುತ್ತದೆ, ಓಟಿಪಿ ಕದಿಯುತ್ತದೆ, ನಿಮ್ಮ ಹೆಸರಿನಲ್ಲೇ ನಿಮ್ಮವರಿಗೆಲ್ಲ ತನ್ನನ್ನು ತಾನೇ ಕಳಿಸಿಕೊಳ್ಳುತ್ತದೆ. ಆಕೆ ಅದನ್ನು ಒತ್ತಲಿಲ್ಲ, ಅಳಿಸಲೂ ಇಲ್ಲ. ನಂಬರು, ಸಮಯ ಬರೆದುಕೊಂಡರು: 12.58. ಪುರಾವೆ ಇರಲಿ ಎಂದು. ಆಮೇಲೆ ಕಿತ್ತೂರು, ರಾಮದುರ್ಗದ ಗಾಡಿಗಳಿಗೆ ಒಂದೇ ಸಾಲು: “ಹೆಡ್ ಆಫೀಸ್ ಅಂತ ಫೋನ್ ಬಂದ್ರ ಫೈಲ್ ಒತ್ತಬ್ಯಾಡ್ರಿ, ಓಟಿಪಿ ಕೊಡಬ್ಯಾಡ್ರಿ.”

ಈ ಫೋನಿನಲ್ಲಿ ಏನಿದೆ ಎಂದು ಯೋಚಿಸಿ. ಯಾವ ಮನೆಯಿಂದ ಯಾರನ್ನು ಏಕೆ ಕರೆದೊಯ್ದರು ಎಂಬುದೆಲ್ಲ ಈ ಸೇವೆಯ ದಾಖಲೆ. ಸಾಲ ತೀರಿಸಲಾಗದೆ ಔಷಧಿ ಕುಡಿದ ರೈತ. ಮನೆಯವರಿಗೂ ಹೇಳದ ಕಾಯಿಲೆ. ಬಸಿರು ಇಳಿದ ಹುಡುಗಿ. ಬೆಂಗಳೂರಿನಲ್ಲಿ ಇಂಥ ಪಟ್ಟಿ ಸೋರಿದರೆ ಲಕ್ಷ ಹೆಸರುಗಳಲ್ಲಿ ಒಂದು ಹೆಸರು. ಮುನ್ನೂರು ಮನೆಯ ಹಳ್ಳಿಯಲ್ಲಿ ಸೋರಿದರೆ ಆ ಹುಡುಗಿ ಕಟ್ಟೆಯ ಮುಂದೆ ನಡೆಯುವಂತಿಲ್ಲ. 2023ರಲ್ಲಿ ದೇಶಕ್ಕೆ ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನು ಬಂತು. ಕಾನೂನು ಬರುವ ಮೊದಲೂ ಒಳ್ಳೆಯ ಸಿಸ್ಟರುಗಳು ಈ ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬದುಕಿದ್ದಾರೆ. ಈಗ ಆ ಗುಟ್ಟು ಸೆರಗಿನಿಂದ ಫೋನಿಗೆ ಬಂದಿದೆ.

ಫೋನಿನ ದನಿ ಜೀವ ತೆಗೆಯಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕಿತ್ತೂರಿನ ಪಕ್ಕದ ಖಾನಾಪುರ ತಾಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ ವಯಸ್ಸಾದ ದಂಪತಿ ಅಧಿಕಾರಿಗಳ ಸೋಗಿನಲ್ಲಿ ಕಾಡಿದವರಿಗೆ ದುಡ್ಡು ಕೊಟ್ಟು ಕೊಟ್ಟು ಕೊನೆಗೆ ಪ್ರಾಣವನ್ನೇ ಬಿಟ್ಟರು. ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು. ಅಂಥ ದನಿ ಆಂಬುಲೆನ್ಸಿಗೂ ಬರಬಹುದು ಎಂದು ಯೋಚಿಸಿದವರು ಕಡಿಮೆ.

ದೂರದಲ್ಲಿ ಯಲ್ಲಮ್ಮನ ಗುಡ್ಡದ ದೀಪಗಳು. ಅತ್ತೆ ಕಿಟಕಿಯಿಂದಲೇ ಕೈ ಮುಗಿದರು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಈ ಗುಡ್ಡ ಹತ್ತುತ್ತಾರೆ. ಅಂಥ ದಿನ ಟವರುಗಳು ತಾವಾಗಿಯೇ ಉಸಿರುಗಟ್ಟುತ್ತವೆ. ಯಾರಾದರೂ ಬೇಕೆಂದೇ ಸುಳ್ಳು ಕರೆಗಳ ಮಳೆ ಸುರಿಸಿದರೆ? 2016ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಒಬ್ಬ ಹದಿಹರೆಯದವನು ಹಂಚಿದ ಕೊಂಡಿಯೊಂದನ್ನು ಒತ್ತಿದ ಫೋನುಗಳೆಲ್ಲ ತಾವಾಗಿಯೇ 911ಕ್ಕೆ ಮತ್ತೆ ಮತ್ತೆ ಕರೆ ಮಾಡತೊಡಗಿದವು. ಅಲ್ಲಿನ ಒಂದು ಊರಿನ ಠಾಣೆಗೆ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಖಾಲಿ ಕರೆ. ಕಳ್ಳತನವಿಲ್ಲ, ಹಣವಿಲ್ಲ, ನಿಜವಾಗಿ ಸಾಯುತ್ತಿರುವವರಿಗೆ ಲೈನು ಸಿಗದಂತಾಗುವುದು, ಅಷ್ಟೇ. ಜಾತ್ರೆಯ ದಿನ ಗುಡ್ಡದ ಮೇಲೆ ವೈರ್‌ಲೆಸ್ ಹಿಡಿದ ಪೊಲೀಸರು, ಕಾಲ್ನಡಿಗೆಯ ಸ್ವಯಂಸೇವಕರು, ಗುರುತಿನ ಬಾವುಟ ಇರುವ ಆರೋಗ್ಯ ಟೆಂಟು, ಇವು ಫೋನಿಲ್ಲದೆಯೂ ನಡೆಯುತ್ತವೆ. ಆ ವ್ಯವಸ್ಥೆಯನ್ನು ಹಳತೆಂದು ಕೈಬಿಡುವ ಮಾತು ಯಾರೂ ಆಡಬಾರದು.

1.19. ದವಾಖಾನೆ. ಅದರ ಹೆಸರು ಬೇಡ; ಇಲ್ಲಿ ಕಾಣುವುದು ಈ ನಾಲ್ಕು ತಾಲೂಕಿನ ಯಾವ ದವಾಖಾನೆಯಲ್ಲೂ ಆಗಬಹುದು. ಸ್ಟ್ರೆಚರ್ ಸೀದಾ ಹೆರಿಗೆ ಕೋಣೆಗೆ. ಬಾಗಿಲು ಮುಚ್ಚಿತು. ದಾಖಲಾತಿ ಕಿಟಕಿಯಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹುಡುಗ ಬೆವರುತ್ತಾ ಕೂತಿದ್ದಾನೆ. ಪರದೆಯ ಮೇಲಿನ ಫೈಲುಗಳ ಹೆಸರುಗಳೆಲ್ಲ ಬಾಲ ಬದಲಿಸಿವೆ, ಯಾವುದೂ ತೆರೆಯುತ್ತಿಲ್ಲ. ಮಾನಿಟರಿನ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿದೆ, ಅದರ ಮೇಲೆ ಪಾಸ್‌ವರ್ಡ್. ಪಕ್ಕದಲ್ಲಿ ಯಾರದೋ ಪೆನ್ ಡ್ರೈವ್. ಹುಡುಗನ ಬೆರಳು ಸ್ವಿಚ್ಚಿನ ಮೇಲಿದೆ.

“ಆಫ್ ಮಾಡಿ ಆನ್ ಮಾಡ್ಲೇನ್ರಿ?”

“ಬ್ಯಾಡ ತಮ್ಮಾ. ಆಫ್ ಮಾಡಬ್ಯಾಡ. ಹಿಂದಿನ ನೀಲಿ ವೈರ್ ಐತಲ್ಲ, ಅದನ್ನ ತಗಿ” ಅಂದರು ಸಿಸ್ಟರ್.

ನೆಟ್‌ವರ್ಕಿನ ವೈರು ಕಳಚಿದರೆ ರೋಗ ಪಕ್ಕದ ಕಂಪ್ಯೂಟರಿಗೆ ಹರಡುವುದು ನಿಲ್ಲುತ್ತದೆ. ಯಂತ್ರವನ್ನು ಆರಿಸಿದರೆ ಅದರ ನೆನಪಿನಲ್ಲಿ ಉಳಿದಿರುವ ಕುರುಹು ಅಳಿಸಿಹೋಗಬಹುದು. ಸೋಂಕಿನ ರೋಗಿಯನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತೇವೆಯೇ ಹೊರತು ದವಾಖಾನೆಯಿಂದಾಚೆ ಓಡಿಸುವುದಿ­ಲ್ಲವಲ್ಲ. ಹುಡುಗ ವೈರು ಕಿತ್ತ. ಪರದೆಯ ಫೋಟೊ ತೆಗೆದ, ಗಡಿಯಾರವೂ ಕಾಣುವಂತೆ. ಪೆನ್ ಡ್ರೈವನ್ನು ಯಾರೂ ಬೇರೆ ಯಂತ್ರಕ್ಕೆ ಹಾಕದಂತೆ ಲಕೋಟೆಯಲ್ಲಿಟ್ಟ. ವೈದ್ಯಾಧಿಕಾರಿಗೆ ಫೋನು. ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ಆದೇಶವಿದೆ. ಬೆಳಗಾವಿಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಹಣ ಹೋಗಿದ್ದರೆ ಸಹಾಯವಾಣಿ 1930. ಇಷ್ಟು ವಿಷಯ ಆ ಹಳದಿ ಚೀಟಿಯ ಜಾಗದಲ್ಲಿ ಅಂಟಿಸಿರಬೇಕಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಕೂತುಕೊಳ್ಳಿ. ಒಳಗಿನಿಂದ ಇನ್ನೂ ಅಳುವಿನ ಸದ್ದು ಬಂದಿಲ್ಲ.

ಫೈಲು ತೆರೆಯದ ಇದೇ ಚಿತ್ರವನ್ನು ದೆಹಲಿಯ ಏಮ್ಸ್ ಆಸ್ಪತ್ರೆ 2022ರ ನವೆಂಬರ್ 23ರ ಬೆಳಿಗ್ಗೆ ಕಂಡಿತು. ಐದು ಸರ್ವರುಗಳು, ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗ ಬಿದ್ದು ಕೂತಿತು. ಇ-ಹಾಸ್ಪಿಟಲ್ ತಂತ್ರಾಂಶ ಮತ್ತೆ ಏಳುವವರೆಗೆ ಸುಮಾರು ಎರಡು ವಾರ ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಕೈಬರಹದಲ್ಲಿ ನಡೆಯಿತು. ಬ್ರಿಟನ್ನಿನಲ್ಲಿ 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹೊಕ್ಕಾಗ ಆಂಬುಲೆನ್ಸುಗಳನ್ನು ಬೇರೆ ಆಸ್ಪತ್ರೆಗಳಿಗೆ ತಿರುಗಿಸಬೇಕಾಯಿತು. ಅದು ನುಸುಳಿದ ತೂತನ್ನು ಮುಚ್ಚುವ ತೇಪೆ ಎರಡು ತಿಂಗಳು ಮೊದಲೇ ಬಂದಿತ್ತು, ಹಚ್ಚಿರಲಿಲ್ಲ. ಅದೇ ದೇಶದಲ್ಲಿ 2023ರ ಜುಲೈನಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುತ್ತಿದ್ದ ಸ್ವೀಡನ್ನಿನ ಕಂಪನಿಯ ಮೇಲೆ ದಾಳಿಯಾಯಿತು. ಬ್ರಿಟನ್ನಿನ ಎರಡು ಆಂಬುಲೆನ್ಸ್ ಸೇವೆಗಳ ಸಿಬ್ಬಂದಿ ಟ್ಯಾಬ್ಲೆಟ್ ಬಿಟ್ಟು ಕಾಗದ ಹಿಡಿದರು. ಗಾಡಿಗಳು ನಿಲ್ಲಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಜರ್ಮನಿಯ ಡ್ಯೂಸೆಲ್‌ಡಾರ್ಫ್. 2020ರ ಸೆಪ್ಟೆಂಬರ್. ವಿಶ್ವವಿದ್ಯಾಲಯದ ಆಸ್ಪತ್ರೆಯ ಸರ್ವರುಗಳಿಗೆ ಬೀಗ ಬಿದ್ದಿದೆ. 78 ವರ್ಷದ ಒಬ್ಬ ಹೆಂಗಸನ್ನು ಹೊತ್ತ ಆಂಬುಲೆನ್ಸನ್ನು ಸುಮಾರು 30 ಕಿಲೋಮೀಟರ್ ದೂರದ ವುಪ್ಪರ್ಟಾಲ್‌ಗೆ ಕಳಿಸಿದರು. ಚಿಕಿತ್ಸೆ ಒಂದು ಗಂಟೆ ತಡವಾಯಿತು, ಆಕೆ ತೀರಿಕೊಂಡರು. ದಾಳಿಯಿಂದಲೇ ಸಾವು ಎಂದು ಸಾಬೀತು ಮಾಡಲಾಗದು ಎಂದರು ಅಲ್ಲಿನ ತನಿಖೆಯವರು. ಆಕೆ ಅಷ್ಟು ಕಾಯಿಲೆಯಲ್ಲಿದ್ದರು. ಇರಬಹುದು. ಆದರೆ 30 ಕಿಲೋಮೀಟರ್ ಎಂದರೆ ಜರ್ಮನಿಯ ರಸ್ತೆಯಲ್ಲಿ ಏನು, ರಾಮದುರ್ಗದ ಅಂಚಿನ ಹಳ್ಳಿಯಿಂದ ಮಳೆಗಾಲದಲ್ಲಿ ಏನು? ಅಲ್ಲಿ ಪಕ್ಕದ ನಗರದಲ್ಲಿ ಅಂಥದ್ದೇ ಇನ್ನೊಂದು ಆಸ್ಪತ್ರೆ ಇತ್ತು. ರಾಮದುರ್ಗದಿಂದ ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಹೊರಟವರಿಗೆ ಹಾದಿಯಲ್ಲಿ ಎರಡನೆಯ ಅವಕಾಶ ಎಲ್ಲಿದೆ? ದೊಡ್ಡ ಊರಿಗಿಂತ ಸಣ್ಣ ಊರಿಗೆ ಈ ಭದ್ರತೆ ಹೆಚ್ಚು ಬೇಕು. ಹಣ, ತರಬೇತಿ, ಜನ ಮಾತ್ರ ದೊಡ್ಡ ಊರಿನಿಂದ ಶುರುವಾಗಿ ಅಲ್ಲೇ ಮುಗಿಯುತ್ತವೆ.

ರಾಮದುರ್ಗದವರಿಗೆ ಇಲ್ಲಿ ಹೇಳಿಕೊಡಲು ಒಂದು ಪಾಠವಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರು, ಹೊಲ, ಮನೆ ಎಲ್ಲ ನೀರಾದಾಗ ಕಂಪ್ಯೂಟರನ್ನು ಯಾರು ಕೇಳಿದರು? ಯಾವ ಓಣಿಯಲ್ಲಿ ಮುದುಕಿ ಇದ್ದಾಳೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ನೆರೆಹೊರೆಯವರ ಬಾಯಲ್ಲಿತ್ತು. ಪ್ರವಾಹಕ್ಕೆ ತಾಲೂಕು ಕಚೇರಿಯಲ್ಲಿ ಮುಂಜಾಗ್ರತಾ ಸಭೆ ನಡೆಯುತ್ತದೆ. ಸರ್ವರು ಮುಳುಗಿದ ದಿನಕ್ಕೂ ಅಂಥ ಸಭೆ ಏಕಿಲ್ಲ?

2.36. ಬಾಗಿಲ ಹಿಂದಿನಿಂದ ಸಣ್ಣ, ಸಿಟ್ಟಿನ ಅಳು. ಅತ್ತೆ ಎದ್ದು ನಿಂತರು, ಮತ್ತೆ ಕೂತರು, ಸೆರಗಿನಿಂದ ಮುಖ ಒರೆಸಿಕೊಂಡರು. ನರ್ಸು ಹೊರಗೆ ಬಂದು “ಹೆಣ್ಣ ಕೂಸು, ಇಬ್ಬರೂ ಚಲೋ ಅದಾರು” ಅಂದರು. ರಿಜಿಸ್ಟರಿನಲ್ಲಿ ತೂಕ, ಸಮಯ ಕೈಬರಹದಲ್ಲಿ ಇಳಿದವು.

4.10ಕ್ಕೆ ಡ್ಯಾಶ್‌ಬೋರ್ಡಿನ ಫೋನು ಒಮ್ಮೆಲೇ ಮಾತಾಡತೊಡಗಿತು. ಆ್ಯಪ್ ಮರಳಿದೆ. ಬಾಕಿ ಉಳಿದ ಸಂದೇಶಗಳೆಲ್ಲ ಟಣ್ ಟಣ್ ಎಂದು ಬಿದ್ದವು. ನಮ್ಮ ಕೇಸೂ ಇತ್ತು. ಪೈಲಟ್ ಅಣ್ಣ ಅದನ್ನು ತೆರೆದು ಫೋನನ್ನು ನಿಮ್ಮ ಕಡೆ ತಿರುಗಿಸಿದರು. ಜಾಗ: ಬೈಲಹೊಂಗಲ. ಅರ್ಧ ಮುರಿದ ಹೆಸರನ್ನು ಯಂತ್ರ ತನಗೆ ತಿಳಿದಂತೆ ತುಂಬಿಕೊಂಡಿದೆ. ನಂಬಿದ್ದರೆ ನಾವು ಆ ಊರಿನ ಓಣಿಗಳಲ್ಲೇ ಸುತ್ತುತ್ತಿದ್ದೆವು, ಆಕೆ ಹೊಲದ ಮನೆಯಲ್ಲೇ ಹೆರುತ್ತಿದ್ದಳು. ಇದು ತನ್ನಿಂದ ತಾನೇ ಆಯಿತೋ, ಯಾರೋ ಕೈಯಾಡಿಸಿದರೋ, ಈ ಗಳಿಗೆಯಲ್ಲಿ ಗಾಡಿಯಲ್ಲಿರುವ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದವರಿಗೆ ಬೇಕಾದದ್ದು ಸಿಸ್ಟರ್ ಬರೆದ ಹಾಳೆಯಲ್ಲಿದೆ. ಮಾಹಿತಿ ಬಾರದಿದ್ದರೆ ಮನುಷ್ಯ ಕೇಳುತ್ತಾನೆ. ತಪ್ಪು ಮಾಹಿತಿ ಬಂದರೆ ಕೇಳದೇ ಹೋಗುತ್ತಾನೆ. ಆದ್ದರಿಂದ ಆ್ಯಪ್ ಸರಿಯಿದ್ದ ದಿನವೂ ಪೈಲಟ್ ಒಮ್ಮೆ ಕರೆ ಮಾಡಿ ಊರು ಕೇಳಿಕೊಳ್ಳುವ ಅಭ್ಯಾಸ ಬಿಡಬಾರದು.

ಬೆಳಗಾಗುತ್ತಿದೆ. ನೀವು ಇಳಿಯುವ ಮೊದಲು ಎರಡು ಮಾತು. ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮೂರು ತಿಂಗಳಿಗೊಮ್ಮೆ ಒಂದು ರಾತ್ರಿ ಈ ನಾಲ್ಕು ತಾಲೂಕುಗಳಲ್ಲಿ ಕಂಪ್ಯೂಟರು ಇಲ್ಲವೆಂದುಕೊಂಡು ಕೆಲಸ ಮಾಡಿ ನೋಡಿ. ಎಲ್ಲಿ ಎಡವುತ್ತೇವೆ ಎಂದು ಆ ಒಂದು ರಾತ್ರಿ ಹೇಳುತ್ತದೆ. ‘ಸರ್ವರ್ ಡೌನ್’ ಎಂದು ಮೊದಲು ಫೋನ್ ಮಾಡಿ ತಿಳಿಸಿದವರನ್ನು ಗದರಬೇಡಿ. ಹತ್ತು ಸಲ ಅದು ಬರೀ ದೋಷವೇ ಆಗಿದ್ದರೂ ಹನ್ನೊಂದನೆಯ ಸಲ ಅವರು ಫೋನ್ ಮಾಡುವಂತಿರಬೇಕು.

ಇನ್ನು ಓದುವ ನಿಮಗೆ. ನಿಮ್ಮೂರ ಆಶಾ ಕಾರ್ಯಕರ್ತೆಯ ನಂಬರು, ಹತ್ತಿರದ ಸರ್ಕಾರಿ ದವಾಖಾನೆಯ ನಂಬರು, ನಿಮ್ಮ ಮನೆಗೆ ಬರುವ ದಾರಿಯ ಗುರುತು, ಮನೆಯವರ ರಕ್ತದ ಗುಂಪು ಫೋನಿನಲ್ಲಷ್ಟೇ ಇದ್ದರೆ ಇವತ್ತೇ ಅಡುಗೆಮನೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೂ ಕಾಣುವಷ್ಟು ಕೆಳಗೆ, ದೊಡ್ಡ ಅಕ್ಷರದಲ್ಲಿ ಬರೆದಿಡಿ. ತಾಯಿ ಕಾರ್ಡನ್ನು ನೀರು ತಾಕದ ಚೀಲದಲ್ಲಿಡಿ. 108ಕ್ಕೆ ಕರೆ ಮಾಡಿದಾಗ ಊರಿನ ಹೆಸರನ್ನು ಪೂರ್ತಿ ಹೇಳಿ, ತಾಲೂಕಿನ ಹೆಸರನ್ನೂ ಸೇರಿಸಿ.